ಕ್ರೂಸರ್ ಬೈಕಿನ ಮುಂದಿನ ಬ್ರೇಕು ಬಲಗೊಂಡ ಬಗೆ

ಉದ್ದನೆಯ ಚೌಕಟ್ಟು, ನೆಲಕ್ಕೆ ಹತ್ತಿರವಾದ ಆಸನ, ಮುಂದಕ್ಕೆ ಓರೆಯಾಗಿ ಚಾಚಿದ ಫೋರ್ಕು, ಸವಾರನ ಕಡೆಗೆ ಬಾಗಿ ಬರುವ ಅಗಲವಾದ ಹ್ಯಾಂಡಲು, ಕಡಿಮೆ ಸುತ್ತಿನಲ್ಲೇ ಭರಪೂರ ಎಳೆತ ಕೊಡುವ ದೊಡ್ಡ ಎಂಜಿನ್ನು, ಇವೆಲ್ಲ ಕೂಡಿದ ಮೋಟಾರ್‌ಸೈಕಲ್ಲನ್ನು ಇಂದು ಕ್ರೂಸರ್ ಎಂದು ಕರೆಯಲಾಗುತ್ತದೆ. ಅಮೆರಿಕದ ನೇರವಾದ, ದೀರ್ಘವಾದ ಹೆದ್ದಾರಿಗಳಿಗೆ ಹೊಂದಿಕೊಂಡು ಬೆಳೆದ ಈ ವಾಹನದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅದರ ಎಂಜಿನ್ನನ್ನೂ ರೂಪವನ್ನೂ ಕೊಂಡಾಡಿದ್ದಾರೆಯೇ ಹೊರತು ಅದನ್ನು ನಿಲ್ಲಿಸುವ ಸಾಧನದ ಕಡೆಗೆ ಕೊಟ್ಟ ಗಮನ ತೀರ ಕಡಿಮೆ. ಆದರೆ ಕ್ರೂಸರಿನ ಮುಂದಿನ ಬ್ರೇಕಿನ ಚರಿತ್ರೆಯನ್ನು ಪ್ರತ್ಯೇಕವಾಗಿ ಹಿಡಿದು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಈ ಬ್ರೇಕು ಬಹುಕಾಲ ದುರ್ಬಲವಾಗಿಯೇ ಉಳಿದುದಕ್ಕೆ ತಂತ್ರಜ್ಞಾನದ ಕೊರತೆ ಮುಖ್ಯ ಕಾರಣವಾಗಿರಲಿಲ್ಲ; ಮುಂದಿನ ಗಾಲಿಯನ್ನು ಹಿಡಿದು ನಿಲ್ಲಿಸುವುದರ ಬಗ್ಗೆ ಸವಾರರಲ್ಲಿ ನೆಲೆಸಿದ್ದ ಭಯವೂ ಮುಂಭಾಗ ಬರಿದಾಗಿ ಕಾಣಬೇಕೆಂಬ ಅಭಿರುಚಿಯೂ ಸೇರಿ ಅದನ್ನು ಹಾಗೆ ಉಳಿಸಿದವು. ಆ ಬ್ರೇಕನ್ನು ಬಲಪಡಿಸುವ ಕೆಲಸ ಎಷ್ಟೋ ಸಲ ಕಾರ್ಖಾನೆಗಿಂತ ಮೊದಲು ಮಾಲೀಕರ ಷೆಡ್ಡುಗಳಲ್ಲಿ ಮತ್ತು ಸಣ್ಣ ಗ್ಯಾರೇಜುಗಳಲ್ಲಿ ನಡೆಯಿತು.

ಇಪ್ಪತ್ತನೆಯ ಶತಮಾನದ ಆರಂಭದ ಮೋಟಾರ್‌ಸೈಕಲ್ಲುಗಳು ಎಂಜಿನ್ನು ಕಟ್ಟಿದ ಸೈಕಲ್ಲುಗಳಾಗಿದ್ದುದರಿಂದ ಅವುಗಳ ಬ್ರೇಕೂ ಸೈಕಲ್ಲಿನದೇ ಆಗಿತ್ತು. 1903ರಲ್ಲಿ ಮಿಲ್ವಾಕಿಯಲ್ಲಿ ಆರಂಭವಾದ ಹಾರ್ಲೆ-ಡೇವಿಡ್ಸನ್ ಕಂಪನಿಯ ಮೊದಲ ಗಾಡಿಗಳಲ್ಲಿ, ಪೆಡಲನ್ನು ಹಿಂದಕ್ಕೆ ತುಳಿದಾಗ ಹಿಂದಿನ ಗಾಲಿಯ ಹಬ್ಬಿನೊಳಗೆ ಬಿಗಿಯುವ ಬ್ರೇಕು ಮಾತ್ರ ಇತ್ತು. ಮುಂದಿನ ಗಾಲಿಯಲ್ಲಿ ಏನೂ ಇರಲಿಲ್ಲ. ಇದಕ್ಕೆ ಆ ಕಾಲದಲ್ಲಿ ತಕ್ಕ ಕಾರಣವಿತ್ತು. ಅಮೆರಿಕದ ಬಹುಪಾಲು ರಸ್ತೆಗಳು ಮಣ್ಣಿನವು; ಸಡಿಲ ಜಲ್ಲಿ, ಕೆಸರು ಮತ್ತು ಗಾಡಿಯ ಜಾಡುಗಳ ನಡುವೆ ಮುಂದಿನ ಗಾಲಿ ಜಾರಿತೆಂದರೆ ಗಾಡಿಯನ್ನು ಸರಿದಾರಿಗೆ ತರುವುದು ಅಸಾಧ್ಯವೇ ಆಗಿತ್ತು. ಹಿಂದಿನ ಗಾಲಿ ಜಾರಿದರೆ ಸವಾರನಿಗೆ ಸುಧಾರಿಸಿಕೊಳ್ಳಲು ಒಂದಿಷ್ಟು ಅವಕಾಶವಿರುತ್ತದೆ, ಮುಂದಿನದು ಜಾರಿದರೆ ಬೀಳುವುದೇ ಗತಿ ಎಂಬ ಅನುಭವಜನ್ಯ ತಿಳಿವಳಿಕೆ ಹೀಗೆ ಹುಟ್ಟಿಕೊಂಡಿತು. ಡಾಂಬರು ಬಂದು, ಟೈರುಗಳು ಉತ್ತಮಗೊಂಡು, ಆ ತಿಳಿವಳಿಕೆಗೆ ಆಧಾರವಾಗಿದ್ದ ಪರಿಸ್ಥಿತಿಯೇ ಬದಲಾದ ಮೇಲೂ ಅದು ತಲೆಮಾರಿನಿಂದ ತಲೆಮಾರಿಗೆ ದಾಟುತ್ತ ಹೋಯಿತು.

ಭೌತಶಾಸ್ತ್ರ ಇದಕ್ಕೆ ವಿರುದ್ಧವಾದುದನ್ನು ಹೇಳುತ್ತದೆ. ಓಡುತ್ತಿರುವ ವಾಹನವನ್ನು ತಡೆದಾಗ ಅದರ ಭಾರ ಮುಂದಿನ ಗಾಲಿಯ ಕಡೆಗೆ ವಾಲುತ್ತದೆ. ಹೀಗೆ ವಾಲುವ ಪ್ರಮಾಣವು ಗುರುತ್ವಕೇಂದ್ರದ ಎತ್ತರವನ್ನೂ ಎರಡು ಗಾಲಿಗಳ ನಡುವಿನ ಅಂತರವನ್ನೂ ಅವಲಂಬಿಸಿರುತ್ತದೆ. ಗಾಲಿಗಳ ನಡುವೆ 1.65 ಮೀಟರ್ ಅಂತರವಿದ್ದು ಗುರುತ್ವಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿರುವ, ನಿಂತಾಗ ತನ್ನ ಭಾರದ ಶೇಕಡ 47 ಭಾಗವನ್ನು ಮುಂದಿನ ಗಾಲಿಯ ಮೇಲೆ ಹೊರುವ ಒಂದು ಕ್ರೂಸರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಒಣಗಿದ ಡಾಂಬರಿನ ಮೇಲೆ ಅದನ್ನು ಬಲವಾಗಿ ನಿಲ್ಲಿಸುವಾಗ ಮುಂದಿನ ಗಾಲಿಯ ಪಾಲು ಶೇಕಡ 71ರಷ್ಟಕ್ಕೆ ಏರುತ್ತದೆ. ಗಾಲಿಗಳ ಅಂತರ ಕಡಿಮೆಯೂ ಗುರುತ್ವಕೇಂದ್ರ ಎತ್ತರವೂ ಆಗಿರುವ ರೇಸ್ ಮಾದರಿಯ ಬೈಕಿನಲ್ಲಿ ಇದೇ ಪಾಲು ಶೇಕಡ 85ನ್ನು ಮೀರುತ್ತದೆ. ಆದ್ದರಿಂದ ಕ್ರೂಸರಿನಲ್ಲಿ ಹಿಂದಿನ ಬ್ರೇಕಿಗೆ ಇತರ ಬೈಕುಗಳಿಗಿಂತ ಹೆಚ್ಚಿನ ಬೆಲೆಯುಂಟು ಎಂಬ ಮಾತು ನಿಜವೇ. ಆದರೆ ಹಿಂದಿನದೇ ಸಾಕು ಎಂಬ ಮಾತು ನಿಜವಲ್ಲ. ಇದೇ ಬೈಕನ್ನು ಗಂಟೆಗೆ 100 ಕಿಲೋಮೀಟರ್ ವೇಗದಿಂದ ನಿಲ್ಲಿಸಲು ಎರಡೂ ಬ್ರೇಕುಗಳನ್ನು ಪೂರ್ಣವಾಗಿ ಬಳಸಿದರೆ ಸುಮಾರು 50 ಮೀಟರ್ ಬೇಕಾಗುತ್ತದೆ, ಹಿಂದಿನದನ್ನಷ್ಟೇ ಬಳಸಿದರೆ ಸುಮಾರು 115 ಮೀಟರ್ ಬೇಕಾಗುತ್ತದೆ. ಈ 65 ಮೀಟರುಗಳ ವ್ಯತ್ಯಾಸದಲ್ಲಿ ಎಷ್ಟು ಜೀವಗಳು ಹೋಗಿವೆಯೆಂಬುದನ್ನು ನೆನೆದರೆ ಮುಂದಿನ ಬ್ರೇಕಿನ ಬಗೆಗಿನ ಅಸಡ್ಡೆಯನ್ನು ಕೇವಲ ರುಚಿಭೇದವೆಂದು ತಳ್ಳಿಹಾಕಲು ಮನಸ್ಸು ಒಪ್ಪುವುದಿಲ್ಲ.

ಅಮೆರಿಕದ ದೊಡ್ಡ ಕಂಪನಿಗಳು ಮುಂದಿನ ಗಾಲಿಗೆ ಬ್ರೇಕು ಕೊಟ್ಟದ್ದು 1928ರ ಹೊತ್ತಿಗೆ. ಆ ವರ್ಷ ಹಾರ್ಲೆ-ಡೇವಿಡ್ಸನ್ ತನ್ನ ಗಾಡಿಗಳಿಗೆ ಮುಂದಿನ ಡ್ರಮ್ ಬ್ರೇಕನ್ನು ಅಳವಡಿಸಿತು. ಅದರ ಪ್ರತಿಸ್ಪರ್ಧಿಯಾದ, ಮಸಾಚುಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನ ಇಂಡಿಯನ್ ಕಂಪನಿಯ 101 ಸ್ಕೌಟ್ ಮಾದರಿಯೂ ಅದೇ ವರ್ಷ ಮುಂದಿನ ಬ್ರೇಕಿನೊಡನೆ ಹೊರಬಂದಿತು. ಡ್ರಮ್ ಬ್ರೇಕೆಂದರೆ ಗಾಲಿಯ ನಡುವಿನ ಡಬ್ಬಿಯಾಕಾರದ ಲೋಹದ ಪಾತ್ರೆಯೊಳಗೆ ಕೂತ ಎರಡು ಅರ್ಧಚಂದ್ರಾಕಾರದ ಶೂಗಳು ತಂತಿಯ ಎಳೆತಕ್ಕೆ ಅಗಲಗೊಂಡು ಒಳಗೋಡೆಗೆ ಒತ್ತುವ ವ್ಯವಸ್ಥೆ. ಎರಡು ಶೂಗಳಲ್ಲಿ ಒಂದು ಗಾಲಿ ತಿರುಗುವ ದಿಕ್ಕಿಗೇ ತೆರೆದುಕೊಳ್ಳುವುದರಿಂದ ಡ್ರಮ್ಮಿನ ಸುತ್ತಾಟವೇ ಅದನ್ನು ಇನ್ನಷ್ಟು ಒಳಕ್ಕೆಳೆದು ಹಿಡಿತವನ್ನು ಹೆಚ್ಚಿಸುತ್ತದೆ; ಇನ್ನೊಂದು ಶೂ ಎದುರು ದಿಕ್ಕಿಗೆ ತೆರೆದುಕೊಂಡು ಹೊರಕ್ಕೆ ತಳ್ಳಿಸಿಕೊಳ್ಳುತ್ತದೆ. ಎರಡೂ ಶೂಗಳು ತಿರುಗುವ ದಿಕ್ಕಿಗೇ ತೆರೆಯುವಂತೆ ಎರಡು ಕ್ಯಾಮುಗಳನ್ನು ಜೋಡಿಸಿದರೆ ಹಿಡಿತ ಗಣನೀಯವಾಗಿ ಹೆಚ್ಚುತ್ತದೆ. ಯುರೋಪಿನ ವೇಗದ ಬೈಕುಗಳಲ್ಲಿ ಇಂತಹ ಜೋಡಿ ಕ್ಯಾಮಿನ ಬ್ರೇಕು ನೆಲೆಗೊಂಡ ಮೇಲೂ ಅಮೆರಿಕದ ಭಾರಿ ಗಾಡಿಗಳು ಒಂದೇ ಕ್ಯಾಮಿನ ಸಾದಾ ಡ್ರಮ್ಮಿನಲ್ಲೇ ದಶಕಗಳನ್ನು ಕಳೆದವು.

ಅಮೆರಿಕದ ರೇಸಿನ ಸಂಪ್ರದಾಯವೂ ಈ ಉದಾಸೀನಕ್ಕೆ ಇಂಬು ಕೊಟ್ಟಿತು. ಬ್ರಿಟನ್ನಿನ ಸ್ಪರ್ಧೆಗಳು ತಿರುವು, ಇಳಿಜಾರುಗಳಿರುವ ರಸ್ತೆಗಳ ಮೇಲೆ ನಡೆಯುತ್ತಿದ್ದುದರಿಂದ ಬ್ರೇಕಿನ ಬಲವೇ ಎಷ್ಟೋ ಸಲ ಗೆಲುವನ್ನು ನಿರ್ಧರಿಸುತ್ತಿತ್ತು. 1923ರಷ್ಟು ಹಿಂದೆಯೇ ಡಗ್ಲಸ್ ಕಂಪನಿ ಐಲ್ ಆಫ್ ಮ್ಯಾನ್ ಸ್ಪರ್ಧೆಯ ಬೈಕಿನಲ್ಲಿ ಒಂದು ಬಗೆಯ ಡಿಸ್ಕ್ ಬ್ರೇಕನ್ನು ಪ್ರಯೋಗಿಸಿತ್ತು. ಅಮೆರಿಕದಲ್ಲಿ ಜನರನ್ನು ಸೆಳೆದದ್ದು ಹಲಗೆ ಹಾಸಿದ ವರ್ತುಲಗಳು ಮತ್ತು ಅಂಡಾಕಾರದ ಮಣ್ಣಿನ ಅಂಕಣಗಳು. ಮಣ್ಣಿನ ಅಂಕಣದ ರೇಸಿನಲ್ಲಿ 1960ರ ದಶಕದ ಕೊನೆಯವರೆಗೂ ಬ್ರೇಕು ಇರಲೇಕೂಡದೆಂಬ ನಿಯಮವಿತ್ತು, ಏಕೆಂದರೆ ಒತ್ತೊತ್ತಾಗಿ ಓಡುವ ಬೈಕುಗಳ ನಡುವೆ ಒಬ್ಬನು ಹಠಾತ್ತಾಗಿ ತಡೆದರೆ ಹಿಂದಿನವರು ಅವನ ಮೇಲೇರುವ ಅಪಾಯವಿತ್ತು. ಆ ಅಂಕಣದ ವೀರರನ್ನು ಕಂಡು ಬೆಳೆದ ಯುವಕರಿಗೆ ಬ್ರೇಕಿಲ್ಲದ ಬರಿಯ ಮುಂದಿನ ಗಾಲಿಯೇ ಧೈರ್ಯದ ಗುರುತಾಗಿ ಕಂಡಿತು.

ಎರಡನೆಯ ಮಹಾಯುದ್ಧದ ನಂತರ ಈ ಅಭಿರುಚಿ ಬೇರೂರಿತು. ಸೇನೆಗಾಗಿ ತಯಾರಾದ ಹಾರ್ಲೆಯ ಡಬ್ಲ್ಯುಎಲ್‌ಎ ಬೈಕುಗಳು ಯುದ್ಧ ಮುಗಿದ ಮೇಲೆ ಅಗ್ಗದ ಬೆಲೆಗೆ ಜನರ ಕೈ ಸೇರಿದವು. ಯುರೋಪಿನ ಹಗುರ ಬೈಕುಗಳನ್ನು ಕಂಡು ಮರಳಿದ್ದ ಸೈನಿಕರು ಭಾರ ಇಳಿಸುವ ಉದ್ದೇಶದಿಂದ ಮಡ್‌ಗಾರ್ಡು, ಪೆಟ್ಟಿಗೆ, ಗಾಜು ಎಲ್ಲವನ್ನೂ ಕಳಚಿದರು. ಆ ಕಳಚುವಿಕೆಯಲ್ಲಿ ಅನೇಕರು ಮುಂದಿನ ಬ್ರೇಕನ್ನೂ ತೆಗೆದುಹಾಕಿದರು. ಮೊದಲಿಗೆ ಇದು ವೇಗಕ್ಕಾಗಿ ನಡೆದದ್ದು, ಬರಬರುತ್ತ ನೋಟಕ್ಕಾಗಿ ನಡೆಯಿತು. 1960ರ ದಶಕದಲ್ಲಿ ಫೋರ್ಕನ್ನು ಉದ್ದ ಮಾಡಿ ಸಪೂರವಾದ 21 ಇಂಚಿನ ಗಾಲಿಯನ್ನು ಹಾಕಿದ ಚಾಪರುಗಳು ಬಂದಾಗ, ಮುಂದಿನ ಹಬ್ಬಿನಲ್ಲಿ ಏನೂ ಇಲ್ಲದಿರುವುದೇ ಅಂದವೆನಿಸಿತು. 1969ರ ‘ಈಸಿ ರೈಡರ್’ ಚಲನಚಿತ್ರದಲ್ಲಿ ಅಮೆರಿಕದ ಬಾವುಟದ ಬಣ್ಣ ಬಳಿದ ಟ್ಯಾಂಕಿನೊಡನೆ ಕಾಣಿಸಿಕೊಂಡ ಪ್ರಸಿದ್ಧ ಬೈಕಿಗೆ ಮುಂದಿನ ಬ್ರೇಕೇ ಇರಲಿಲ್ಲ. ಬೆನ್ ಹಾರ್ಡಿ ಮತ್ತು ಕ್ಲಿಫ್ ವಾಹ್ಸ್ ಎಂಬ ಕರಿಯ ಅಮೆರಿಕನ್ ಕುಶಲಕರ್ಮಿಗಳ ಕೈಯಿಂದ ಮೂಡಿದ ಆ ಬೈಕು ಶಿಲ್ಪವಾಗಿ ಅಪೂರ್ವವಾದದ್ದು. ಅವರ ಹೆಸರುಗಳು ದಶಕಗಳ ಕಾಲ ಮರೆಯಲ್ಲಿ ಉಳಿದದ್ದು ಈ ಚರಿತ್ರೆಯ ನೋವಿನ ಭಾಗವೇ ಸರಿ. ಆದರೆ ಆ ಬೈಕನ್ನು ಅನುಕರಿಸಿ ಮನೆಯಂಗಳದಲ್ಲಿ ಗಾಡಿ ಕಟ್ಟಿದವರು ರಸ್ತೆಯಲ್ಲಿ ತೆತ್ತ ಬೆಲೆಯೂ ಸಣ್ಣದಾಗಿರಲಾರದು.

ಕಾರ್ಖಾನೆಗಳಲ್ಲಿ ಈ ಕಾಲದಲ್ಲಿ ಕಂಡ ಪ್ರಗತಿ ವಿಚಿತ್ರವಾಗಿತ್ತು. 1949ರ ಹೈಡ್ರಾ-ಗ್ಲೈಡಿನಲ್ಲಿ ಹಾರ್ಲೆಗೆ ಎಣ್ಣೆ ತುಂಬಿದ ಟೆಲಿಸ್ಕೋಪಿಕ್ ಬಗೆಯ, ಅಂದರೆ ಕೊಳವೆಯೊಳಗೆ ಕೊಳವೆ ಜಾರುವ ಫೋರ್ಕು ಬಂದಿತು. 1958ರ ಡ್ಯುಯೊ-ಗ್ಲೈಡಿನಲ್ಲಿ ಹಿಂದಿನ ಸಸ್ಪೆನ್ಶನ್ನು ಬಂದಿತು, ಜೊತೆಗೆ ಹೈಡ್ರಾಲಿಕ್ ಬ್ರೇಕೂ ಬಂದಿತು. ಹೈಡ್ರಾಲಿಕ್ ಎಂದರೆ ತಂತಿಯ ಬದಲು ಕೊಳವೆಯಲ್ಲಿ ತುಂಬಿದ ದ್ರವದ ಒತ್ತಡದಿಂದ ಬಲವನ್ನು ಸಾಗಿಸುವ ವಿಧಾನ. ತಂತಿಯಂತೆ ಹಿಗ್ಗದೆ, ತುಕ್ಕು ಹಿಡಿಯದೆ, ಕೈಯ ಬಲವನ್ನು ಹಲವು ಪಟ್ಟು ಹೆಚ್ಚಿಸಿ ಕೊಡುವುದು ಅದರ ಗುಣ. ಆದರೆ ಈ ಉತ್ತಮ ವ್ಯವಸ್ಥೆಯನ್ನು ಅಂದು ಕೊಟ್ಟದ್ದು ಹಿಂದಿನ ಗಾಲಿಗೆ. ಅತಿ ಹೆಚ್ಚು ಕೆಲಸ ಮಾಡಬೇಕಾದ ಮುಂದಿನ ಗಾಲಿ ತಂತಿಯ ಡ್ರಮ್ಮಿನಲ್ಲೇ ಉಳಿಯಿತು. 1965ರಲ್ಲಿ ವಿದ್ಯುತ್ ಸ್ಟಾರ್ಟರಿನೊಡನೆ ಬಂದ ಎಲೆಕ್ಟ್ರಾ-ಗ್ಲೈಡು 300 ಕಿಲೋಗ್ರಾಮಿಗೂ ಮೀರಿ ತೂಗುತ್ತಿದ್ದರೂ ಆ ಡ್ರಮ್ಮು ಬದಲಾಗಲಿಲ್ಲ. ಮುಂದಿನ ಗಾಲಿಯ ಬಗೆಗಿನ ಭಯ ಎಂಜಿನಿಯರುಗಳ ನಕಾಶೆಯವರೆಗೂ ಏರಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಸಿಗುವುದು ಕಷ್ಟ.

ಭಾರಿ ಬೈಕಿಗೆ ಸಾದಾ ಡ್ರಮ್ಮು ಏಕೆ ಸಾಲದು ಎಂಬುದನ್ನು ಶಾಖದ ಲೆಕ್ಕ ತಿಳಿಸುತ್ತದೆ. ಸವಾರನೂ ಸೇರಿ 430 ಕಿಲೋಗ್ರಾಮ್ ತೂಗುವ ಗಾಡಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೊತ್ತಿರುವ ಚಲನಶಕ್ತಿ ಸುಮಾರು 166 ಕಿಲೋಜೂಲ್. ಒಂದೇ ಸಲ ನಿಲ್ಲಿಸುವಷ್ಟರಲ್ಲಿ ಹುಟ್ಟುವ ಈ ಶಾಖವು ಅರ್ಧ ಲೀಟರ್ ತಣ್ಣೀರನ್ನು ಒಲೆಯ ಮೇಲೆ ಕುದಿಬಿಂದುವಿಗೆ ತರಲು ಬೇಕಾಗುವಷ್ಟು. ಡ್ರಮ್ಮಿನೊಳಗೆ ಈ ಶಾಖ ಸೆರೆಯಾಗುತ್ತದೆ. ಪಾತ್ರೆ ಕಾದು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಶೂಗಳ ಮೇಲಿನ ಲೈನರಿನ ಘರ್ಷಣೆ ಕುಗ್ಗುತ್ತದೆ, ಘಟ್ಟದ ಇಳಿಜಾರಿನಲ್ಲಿ ಸವಾರನು ಲಿವರನ್ನು ಎಷ್ಟು ಬಿಗಿದರೂ ಗಾಡಿ ನಿಲ್ಲದ ಸ್ಥಿತಿ ಬರುತ್ತದೆ. ಇದಕ್ಕೆ ಮೆಕ್ಯಾನಿಕ್ಕುಗಳು ಬ್ರೇಕ್ ಫೇಡ್ ಎನ್ನುತ್ತಾರೆ. ಡಿಸ್ಕ್ ಬ್ರೇಕಿನಲ್ಲಿ ಗಾಲಿಯೊಡನೆ ತಿರುಗುವ ಲೋಹದ ತಟ್ಟೆಯು ಗಾಳಿಗೆ ತೆರೆದುಕೊಂಡಿರುತ್ತದೆ. ಕ್ಯಾಲಿಪರ್ ಎಂಬ ಹಿಡಿಕೆಯೊಳಗಿನ ಪಿಸ್ಟನ್ನುಗಳು ಎರಡು ಪ್ಯಾಡುಗಳನ್ನು ಅದರ ಇಬ್ಬದಿಗೂ ಒತ್ತುತ್ತವೆ. ಶಾಖ ಬೇಗನೆ ಹೊರಹೋಗುತ್ತದೆ, ತಟ್ಟೆ ಕಾದು ಹಿಗ್ಗಿದರೂ ಪ್ಯಾಡಿನಿಂದ ದೂರ ಸರಿಯುವುದಿಲ್ಲ. ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಬ್ರಿಟನ್ನಿನಲ್ಲಿ ಈ ಬಗೆಯ ಬ್ರೇಕಿಗೆ ಪೇಟೆಂಟ್ ಪಡೆದಿದ್ದರೂ ತಕ್ಕ ಪ್ಯಾಡು ಸಿಗದೆ ಅದು ಹಿಂದೆಬಿದ್ದಿತ್ತು. ದ್ವಿಚಕ್ರ ವಾಹನಗಳಲ್ಲಿ ಅದನ್ನು ದೊಡ್ಡ ಪ್ರಮಾಣದ ತಯಾರಿಕೆಗೆ ತಂದ ಹಿರಿಮೆ ಇಟಲಿಯ ಒಂದು ಸ್ಕೂಟರಿಗೆ, 1962ರ ಲ್ಯಾಂಬ್ರೆಟಾ ಟಿವಿ 175ಕ್ಕೆ, ಸಲ್ಲುತ್ತದೆ.

ಜಗತ್ತಿನ ಮೋಟಾರ್‌ಸೈಕಲ್ ಉದ್ಯಮದ ದಿಕ್ಕನ್ನು ಬದಲಿಸಿದ್ದು ಮಾತ್ರ ಹೋಂಡಾದ ಸಿಬಿ 750. 1968ರ ಟೋಕಿಯೊ ಪ್ರದರ್ಶನದಲ್ಲಿ ಕಾಣಿಸಿಕೊಂಡು ಮರುವರ್ಷ ಅಮೆರಿಕದ ಅಂಗಡಿಗಳಿಗೆ ಬಂದ ಈ ನಾಲ್ಕು ಸಿಲಿಂಡರಿನ ಬೈಕಿನ ಮುಂದಿನ ಗಾಲಿಗೆ ಹೈಡ್ರಾಲಿಕ್ ಡಿಸ್ಕ್ ಬ್ರೇಕಿತ್ತು. ಸಾಮಾನ್ಯ ಗ್ರಾಹಕನು ಕೊಳ್ಳಬಹುದಾದ ಬೆಲೆಗೆ ಅದು ಸಿಕ್ಕಿದ ಮೇಲೆ ಉಳಿದವರು ತಂತಿಯ ಡ್ರಮ್ಮನ್ನು ಸಮರ್ಥಿಸಿಕೊಳ್ಳುವುದು ಕಷ್ಟವಾಯಿತು. ಹಾರ್ಲೆ 1972ರಲ್ಲಿ ಎಲೆಕ್ಟ್ರಾ-ಗ್ಲೈಡಿಗೆ ಮುಂದಿನ ಡಿಸ್ಕನ್ನು ಕೊಟ್ಟಿತು. 1974ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಎರಡು ಸುರಕ್ಷಾ ಮಾನದಂಡಗಳು ಜಾರಿಗೆ ಬಂದವು: 122ನೆಯದು ಮೋಟಾರ್‌ಸೈಕಲ್ ಬ್ರೇಕು ಕಾದಾಗಲೂ ನೆನೆದಾಗಲೂ ಎಷ್ಟು ಹಿಡಿಯಬೇಕೆಂಬುದನ್ನು ಪರೀಕ್ಷೆಗೆ ಒಳಪಡಿಸಿತು, 123ನೆಯದು ಮುಂದಿನ ಬ್ರೇಕು ಬಲಗೈಗೆ, ಹಿಂದಿನದು ಬಲಗಾಲಿಗೆ ಎಂದು ನಿಯಂತ್ರಣಗಳ ಜಾಗವನ್ನು ಗೊತ್ತುಮಾಡಿತು. ಅದಕ್ಕೂ ಹಿಂದೆ, ಗೇರನ್ನು ಕೈಯಿಂದಲೂ ಕ್ಲಚ್ಚನ್ನು ಕಾಲಿನಿಂದಲೂ ನಡೆಸುತ್ತಿದ್ದ ಹಳೆಯ ಹಾರ್ಲೆಗಳಲ್ಲಿ ಮುಂದಿನ ಬ್ರೇಕಿನ ಲಿವರು ಎಡಗೈಯ ಬದಿಗಿತ್ತು. ಗಾಡಿಯಿಂದ ಗಾಡಿಗೆ ಬ್ರೇಕಿನ ಜಾಗವೇ ಬದಲಾಗುತ್ತಿದ್ದ ಕಾಲದಲ್ಲಿ ಸವಾರನ ಕೈಗೆ ಆ ಬ್ರೇಕು ಪಳಗದೆ ಹೋದುದರಲ್ಲಿ ಆಶ್ಚರ್ಯವಿಲ್ಲ.

ಕ್ರೂಸರ್ ಎಂಬ ವರ್ಗ ಪ್ರತ್ಯೇಕವಾಗಿ ಗುರುತಿಸಿಕೊಂಡದ್ದು ಇದರ ನಂತರ. 1977ರ ಹಾರ್ಲೆ ಲೋ ರೈಡರ್ ತನ್ನ ತಗ್ಗಾದ ಆಸನದೊಡನೆ ಮುಂದಿನ ಗಾಲಿಗೆ ಎರಡು ಡಿಸ್ಕುಗಳನ್ನೂ ಹೊತ್ತು ಬಂದಿತ್ತು. ಜಪಾನಿನ ಕಂಪನಿಗಳು 1980ರ ದಶಕದಲ್ಲಿ ಯಮಹಾ ವಿರಾಗೊ, ಹೋಂಡಾ ಶ್ಯಾಡೊ, ಸುಜುಕಿ ಇಂಟ್ರೂಡರ್ ಮುಂತಾದ ಮಾದರಿಗಳನ್ನು ಇದೇ ಅಚ್ಚಿನಲ್ಲಿ ಎರಕ ಹೊಯ್ದವು. ಆದರೆ ಕಡ್ಡಿಗಳು ಎದ್ದು ಕಾಣುವ ತೆಳು ಗಾಲಿಯ ಅಂದಕ್ಕಾಗಿ ಎಷ್ಟೋ ಕ್ರೂಸರುಗಳಲ್ಲಿ ಒಂದು ಬದಿಗೆ ಮಾತ್ರ ಡಿಸ್ಕನ್ನು ಇಟ್ಟು ಇನ್ನೊಂದು ಬದಿಯನ್ನು ಖಾಲಿ ಬಿಡಲಾಯಿತು. ಇದರಲ್ಲಿ ವೆಚ್ಚದ ಉಳಿತಾಯವೂ ಇತ್ತು. ರೇಸ್ ಮಾದರಿಯ ಬೈಕಿನ ಖರೀದಿದಾರನು ಪಿಸ್ಟನ್ನುಗಳ ಸಂಖ್ಯೆಯನ್ನು ಕೇಳುತ್ತಿದ್ದ, ಕ್ರೂಸರಿನ ಖರೀದಿದಾರನು ಕ್ರೋಮಿನ ಹೊಳಪನ್ನು ನೋಡುತ್ತಿದ್ದ. ತಟ್ಟೆಗಳನ್ನೂ ತುಕ್ಕು ಹಿಡಿದು ಅಂದಗೆಡಬಾರದೆಂದು ಸ್ಟೇನ್‌ಲೆಸ್ ಉಕ್ಕಿನಿಂದ ಮಾಡುತ್ತಿದ್ದುದರಿಂದ 1970ರ ದಶಕದ ಬೈಕುಗಳಲ್ಲಿ ಮಳೆ ಬಂದಾಗ ಪ್ಯಾಡು ಹಿಡಿಯುವುದಕ್ಕೆ ಕೆಲವು ಕ್ಷಣಗಳ ತಡವಾಗುತ್ತಿತ್ತು. ತಟ್ಟೆಗೆ ರಂಧ್ರ ಕೊರೆದು ನೀರು ಜಾರಿಹೋಗುವಂತೆ ಮಾಡಿದ್ದೂ ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ ಸಿಂಟರ್ಡ್ ಪ್ಯಾಡುಗಳೂ ಈ ದೋಷವನ್ನು ಬಹುಮಟ್ಟಿಗೆ ನಿವಾರಿಸಿದವು.

1981ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಚರಿತ್ರೆಯ ತಿರುವಿನಲ್ಲಿ ನಿಲ್ಲುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್ ಪ್ರದೇಶದ 900 ಮೋಟಾರ್‌ಸೈಕಲ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ, ಇನ್ನೂ 3,600 ಅಪಘಾತಗಳ ಪೊಲೀಸ್ ವರದಿಗಳನ್ನು ಓದಿ, ಸವಾರರು ಸಂಕಟದ ಗಳಿಗೆಯಲ್ಲಿ ಏನು ಮಾಡುತ್ತಾರೆಂಬುದನ್ನು ದಾಖಲಿಸಿದರು. ಬಹುಪಾಲು ಸವಾರರು ಹಿಂದಿನ ಬ್ರೇಕನ್ನು ಅತಿಯಾಗಿ ತುಳಿದು ಗಾಲಿಯನ್ನು ಜಾರಿಸಿದ್ದರು, ಮುಂದಿನದನ್ನು ಬೇಕಾದಷ್ಟು ಬಳಸಿರಲಿಲ್ಲ. ಅಪಘಾತಕ್ಕೊಳಗಾದವರಲ್ಲಿ ಶೇಕಡ 92 ಮಂದಿ ಯಾವ ತರಬೇತಿಯೂ ಇಲ್ಲದೆ ತಾವಾಗಿಯೋ ಬಂಧುಮಿತ್ರರಿಂದಲೋ ಓಡಿಸಲು ಕಲಿತವರಾಗಿದ್ದರು. ಮಣ್ಣಿನ ರಸ್ತೆಯ ಕಾಲದ ಭಯವು ಕಲಿಸಿದವರಿಂದ ಕಲಿತವರಿಗೆ ಹೇಗೆ ದಾಟಿತೆಂಬುದು ಈ ಎರಡು ಸಂಗತಿಗಳನ್ನು ಜೊತೆಗಿಟ್ಟಾಗ ಅರ್ಥವಾಗುತ್ತದೆ. ತರಬೇತಿ ಶಾಲೆಗಳಲ್ಲಿ ಮುಂದಿನ ಬ್ರೇಕಿನ ಬಳಕೆಯನ್ನು ಒತ್ತಿ ಹೇಳುವ ಪರಿಪಾಠಕ್ಕೆ ಈ ವರದಿ ಗಟ್ಟಿಯಾದ ಆಧಾರ ಒದಗಿಸಿತು.

ಕ್ರೂಸರ್ ಮಾಲೀಕರು ತಮ್ಮ ಗಾಡಿಯ ಮುಂದಿನ ಬ್ರೇಕನ್ನು ಬದಲಿಸತೊಡಗಿದ್ದು ಒಂದು ಕಸುಬಿನ ಹುಟ್ಟಿಗೂ ಕಾರಣವಾಯಿತು. ಕ್ಯಾಲಿಫೋರ್ನಿಯಾದ ಸಣ್ಣ ಲೇತ್ ಅಂಗಡಿಗಳು 1970ರ ದಶಕದಿಂದ ಅಲ್ಯೂಮಿನಿಯಮ್ ಗಟ್ಟಿಯನ್ನು ಕಡೆದು ಕ್ಯಾಲಿಪರುಗಳನ್ನು ಮಾಡಿ ಮಾರತೊಡಗಿದವು. ಕೆಲವರು ಕಾರು ಮತ್ತು ರೇಸ್ ಬೈಕುಗಳ ಕ್ಯಾಲಿಪರುಗಳನ್ನು ತಂದು ಅಡಾಪ್ಟರ್ ಪಟ್ಟಿಯ ಮೂಲಕ ಫೋರ್ಕಿಗೆ ಕೂರಿಸಿದರು. ಇದರಲ್ಲಿ ಅಡಗಿದ್ದ ಶಾಸ್ತ್ರವನ್ನು ಆ ಮೆಕ್ಯಾನಿಕ್ಕುಗಳು ಕೈಕೆಲಸದಿಂದಲೇ ಕಲಿತರು. ಒಂದು ಡಿಸ್ಕಿನ ಗಾಡಿಗೆ ಎರಡನೆಯ ಡಿಸ್ಕನ್ನೂ ಕ್ಯಾಲಿಪರನ್ನೂ ಸೇರಿಸಿದರೆ ತಳ್ಳಬೇಕಾದ ಬ್ರೇಕ್ ಆಯಿಲಿನ ಪ್ರಮಾಣ ಇಮ್ಮಡಿಯಾಗುತ್ತದೆ. ಹ್ಯಾಂಡಲಿನ ಮೇಲಿರುವ, ಲಿವರಿನ ಒತ್ತಡವನ್ನು ದ್ರವಕ್ಕೆ ಸಾಗಿಸುವ ಮಾಸ್ಟರ್ ಸಿಲಿಂಡರು ಹಳೆಯದೇ ಉಳಿದರೆ ಲಿವರು ಹಿಡಿಕೆಗೆ ತಾಗುವಷ್ಟು ಒಳಕ್ಕೆ ಬರುತ್ತದೆ. ಅದಕ್ಕಾಗಿ 14 ಮಿಲಿಮೀಟರ್ ವ್ಯಾಸದ ಸಿಲಿಂಡರಿನ ಬದಲು 16 ಮಿಲಿಮೀಟರಿನದನ್ನು ಹಾಕಿದರೆ ಒಂದೇ ಒತ್ತಿಗೆ ಸಾಗುವ ಆಯಿಲು ಶೇಕಡ 30ರಷ್ಟು ಹೆಚ್ಚುತ್ತದೆ, ಆದರೆ ಅದಕ್ಕೆ ತಕ್ಕಂತೆ ಕೈಯ ಬಲದಿಂದ ಹುಟ್ಟುವ ಒತ್ತಡ ಇಳಿಯುತ್ತದೆ. ಹೀಗಾಗಿ ದೊಡ್ಡದು ಯಾವಾಗಲೂ ಒಳ್ಳೆಯದೆಂಬ ಭಾವನೆಯಿಂದ ಅತಿ ದೊಡ್ಡ ಮಾಸ್ಟರ್ ಸಿಲಿಂಡರನ್ನು ಹಾಕಿದವರಿಗೆ ಮರದ ಕೊರಡಿನಂತೆ ಗಡುಸಾದ ಲಿವರು ಸಿಗುತ್ತಿತ್ತೇ ವಿನಾ ಹಿಡಿತ ಸಿಗುತ್ತಿರಲಿಲ್ಲ. ಪಿಸ್ಟನ್ನುಗಳ ಒಟ್ಟು ವಿಸ್ತೀರ್ಣಕ್ಕೂ ಮಾಸ್ಟರ್ ಸಿಲಿಂಡರಿನ ವಿಸ್ತೀರ್ಣಕ್ಕೂ ಇರುವ ಅನುಪಾತವೇ ಈ ಕೆಲಸದ ಜೀವಾಳ. ಆ ಅನುಪಾತವನ್ನು ಸರಿಯಾಗಿ ಕೂಡಿಸುವ ಮೆಕ್ಯಾನಿಕ್ಕನ ತಿಳಿವಿಗೆ ಯಾವ ಎಂಜಿನ್ ಕುಶಲತೆಗೂ ಕಡಿಮೆಯಲ್ಲದ ಗೌರವ ಸಲ್ಲಬೇಕು.

ಉಳಿದ ಸುಧಾರಣೆಗಳು ಇದಕ್ಕಿಂತ ಸುಲಭವಾದವು. ರಬ್ಬರಿನ ಹಳೆಯ ಹೋಸು ಒತ್ತಡಕ್ಕೆ ಉಬ್ಬಿ ಬಲವನ್ನು ನುಂಗುವುದರಿಂದ ಅದರ ಜಾಗಕ್ಕೆ ಉಕ್ಕಿನ ತಂತಿಯ ಹೆಣಿಗೆಯಿರುವ ಹೋಸನ್ನು ಹಾಕುವುದು, ಪ್ಯಾಡುಗಳ ಜಾತಿಯನ್ನು ಬದಲಿಸುವುದು, ಹಳೆಯ ಆಯಿಲನ್ನು ಚೆಲ್ಲಿ ಕೊಳವೆಯೊಳಗಿನ ಗಾಳಿಯನ್ನು ಪೂರ್ತಿ ಹೊರಗೆಡಹುವುದು, ಇಷ್ಟರಿಂದಲೇ ಎಷ್ಟೋ ಕ್ರೂಸರುಗಳು ಗಮನಾರ್ಹವಾಗಿ ಸುಧಾರಿಸಿವೆ. ಗ್ಲೈಕಾಲ್ ಆಧಾರಿತ ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕಾದ ಡಾಟ್ 4 ಆಯಿಲಿನ ಕುದಿಬಿಂದು ತೇವ ಹೀರಿದ ಮೇಲೆ 155ರವರೆಗೂ ಇಳಿಯಬಹುದು. ಹಾರ್ಲೆ ಕಂಪನಿ ಈ ಶತಮಾನದ ಮೊದಲ ವರ್ಷಗಳವರೆಗೂ ತೇವ ಹೀರದ ಸಿಲಿಕೋನ್ ಆಯಿಲಾದ ಡಾಟ್ 5ನ್ನು ಬಳಸಿ ಆಮೇಲೆ ಡಾಟ್ 4ಕ್ಕೆ ಬದಲಾಯಿಸಿತು. ಎರಡನ್ನೂ ಬೆರೆಸಬಾರದೆಂಬ ಎಚ್ಚರಿಕೆಯನ್ನು ಹಳೆಯ ಹಾರ್ಲೆಯ ಕೆಲಸಕ್ಕೆ ಕೈಹಾಕುವವರೆಲ್ಲ ಮೊದಲ ಪಾಠವಾಗಿ ಕಲಿಯುತ್ತಾರೆ. ಫೋರ್ಕು ಮತ್ತು ಟೈರುಗಳ ಮಾತನ್ನೂ ಇಲ್ಲಿ ಮರೆಯುವಂತಿಲ್ಲ, ಏಕೆಂದರೆ ಬ್ರೇಕು ನಿಲ್ಲಿಸುವುದು ಗಾಲಿಯನ್ನು, ಗಾಡಿಯನ್ನು ನಿಲ್ಲಿಸುವುದು ಟೈರಿಗೂ ರಸ್ತೆಗೂ ನಡುವಿನ ಹಿಡಿತ.

ಮಾಲೀಕರು ಮತ್ತು ಕಾರ್ಖಾನೆಯ ನಡುವಣ ಈ ಸಂಬಂಧವನ್ನು ಯಮಹಾ ವಿ-ಮ್ಯಾಕ್ಸಿನ ಕಥೆಯಲ್ಲಿ ಚೆನ್ನಾಗಿ ಕಾಣಬಹುದು. 1985ರಲ್ಲಿ ಬಂದ 1,200 ಸಿಸಿಯ ಈ ಬಲಿಷ್ಠ ಬೈಕಿಗೆ ಮುಂದೆ ಎರಡು ಡಿಸ್ಕುಗಳಿದ್ದರೂ ಅದರ ಎಂಜಿನ್ನಿನ ಶಕ್ತಿಗೆ ಅವು ಸಾಲುತ್ತಿರಲಿಲ್ಲ, ತೆಳು ಫೋರ್ಕು ಬಲವಾದ ತಡೆಗೆ ಬಾಗುತ್ತಿತ್ತು. ಕಂಪನಿಯು 1993ರಲ್ಲಿ 43 ಮಿಲಿಮೀಟರಿನ ದಪ್ಪ ಫೋರ್ಕನ್ನೂ 298 ಮಿಲಿಮೀಟರಿನ ದೊಡ್ಡ ಡಿಸ್ಕುಗಳನ್ನೂ ನಾಲ್ಕು ಪಿಸ್ಟನ್ನಿನ ಕ್ಯಾಲಿಪರುಗಳನ್ನೂ ಕೊಟ್ಟಿತು. ಹಳೆಯ ಗಾಡಿಯವರು ಈ ಹೊಸ ಭಾಗಗಳನ್ನು ತಂದು ತಮ್ಮದಕ್ಕೆ ಕೂರಿಸಿದರು. 1998ರಲ್ಲಿ ಆರ್1 ಎಂಬ ರೇಸ್ ಮಾದರಿ ಬಂದಾಗ ಅದರ ಕ್ಯಾಲಿಪರುಗಳು ಅದೇ ಕಂಪನಿಯ ಬೇರೆ ಬೈಕುಗಳ ಫೋರ್ಕಿಗೂ ಹೊಂದುವುದನ್ನು ಕಂಡುಕೊಂಡ ಹವ್ಯಾಸಿಗಳು ಗುಜರಿಯಿಂದ ಅವನ್ನು ಹುಡುಕಿ ತೆಗೆದರು. ಹಾರ್ಲೆಯ ಗಾಡಿಗಳಿಗೆ 2000ದ ಸಾಲಿನಲ್ಲಿ ನಾಲ್ಕು ಪಿಸ್ಟನ್ನಿನ ಕ್ಯಾಲಿಪರು ಬಂದಿತು, 2008ರ ದೂರಪ್ರಯಾಣದ ಮಾದರಿಗಳಿಗೆ ಇಟಲಿಯ ಬ್ರೆಂಬೊ ಕ್ಯಾಲಿಪರೂ, ಬಯಸಿದವರಿಗೆ ಎಬಿಎಸ್ಸೂ ದೊರೆಯಿತು. ಗಾಲಿ ಜಾಮ್ ಆಗುವ ಸೂಚನೆ ಕಂಡೊಡನೆ ಒತ್ತಡವನ್ನು ಸೆಕೆಂಡಿಗೆ ಹಲವು ಸಲ ಸಡಿಲಿಸಿ ಮತ್ತೆ ಬಿಗಿಯುವ ಈ ಎಬಿಎಸ್ ಯಂತ್ರವನ್ನು ಮೊದಲಿಗೆ ಮೋಟಾರ್‌ಸೈಕಲ್ಲಿಗೆ ತಂದದ್ದು 1988ರ ಬಿಎಂಡಬ್ಲ್ಯು ಕೆ100. ಮುಂದಿನ ಗಾಲಿ ಜಾರುವ ಹಳೆಯ ಭಯಕ್ಕೆ ಯಂತ್ರವೇ ಕೊಟ್ಟ ಉತ್ತರವದು.

ಭಾರತದ ಅನುಭವ ಬೇರೆ ದಾರಿಯಲ್ಲಿ ಬಂದರೂ ಅದೇ ಭಯವನ್ನು ಹಾದುಬಂದಿದೆ. ಮದ್ರಾಸಿನ ಎನ್‌ಫೀಲ್ಡ್ ಬುಲೆಟ್ಟಿನಲ್ಲಿ ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು ಇದ್ದು, ಮುಂದಿನ ಡ್ರಮ್ಮನ್ನು ಹಗುರವಾಗಿ ಮುಟ್ಟಬೇಕೆಂದೇ ಹಿರಿಯರು ಕಲಿಸುತ್ತಿದ್ದರು. ಮೈಸೂರಿನ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆಯು ತಯಾರಿಸಿದ ಜಾವಾ ಮತ್ತು ಯೆಜ್ಡಿ ಬೈಕುಗಳೂ ಎರಡೂ ಗಾಲಿಗೆ ಡ್ರಮ್ಮನ್ನೇ ಹೊಂದಿದ್ದವು. 1983ರಲ್ಲಿ ಬಂದ ರಾಜದೂತ್ 350ರ ಮೂಲವಾದ ಯಮಹಾ ಆರ್‌ಡಿ 350ಕ್ಕೆ ಮುಂದೆ ಡಿಸ್ಕಿದ್ದರೂ ಇಲ್ಲಿ ತಯಾರಾದ ಗಾಡಿಗೆ ಡ್ರಮ್ಮನ್ನು ಹಾಕಲಾಯಿತು. ಅಷ್ಟು ವೇಗದ ಗಾಡಿಗೆ ಅದು ಸಾಲದೆಂಬುದನ್ನು ಅದನ್ನು ಓಡಿಸಿದವರೆಲ್ಲ ಬಲ್ಲರು. 2014ರಲ್ಲಿ ಹರಿಯಾಣದ ಬಾವಲ್‌ನಲ್ಲಿ ಜೋಡಣೆಯಾಗಿ ಬಂದ ಹಾರ್ಲೆ ಸ್ಟ್ರೀಟ್ 750ರಲ್ಲೂ ಮುಂದಿನ ಬ್ರೇಕಿನದೇ ದೂರು ಕೇಳಿಬಂದಿತು; 2016ರ ಮಾದರಿಗೆ ಕಂಪನಿಯು 300 ಮಿಲಿಮೀಟರಿನ ಡಿಸ್ಕುಗಳನ್ನೂ ಹೊಸ ಕ್ಯಾಲಿಪರನ್ನೂ ಮಾಸ್ಟರ್ ಸಿಲಿಂಡರನ್ನೂ ಕೊಟ್ಟು ಸರಿಪಡಿಸಿತು. 2018ರ ಏಪ್ರಿಲ್‌ನಿಂದ 125 ಸಿಸಿಗೆ ಮೇಲ್ಪಟ್ಟ ಹೊಸ ಮಾದರಿಗಳಿಗೂ ಮರುವರ್ಷದಿಂದ ಚಾಲ್ತಿಯ ಮಾದರಿಗಳಿಗೂ ಎಬಿಎಸ್ ಕಡ್ಡಾಯವಾಯಿತು.

ಕಾರ್ಖಾನೆಯಿಂದ ಹೊರಬರುವ ಗಾಡಿಯ ಪ್ರಶ್ನೆ ಹೀಗೆ ಒಂದು ನೆಲೆಗೆ ಬಂದರೂ ಹಳೆಯ ಗಾಡಿಯ ಪ್ರಶ್ನೆ ಉಳಿದೇ ಇದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನವನ್ನು ತಯಾರಕರ ಮೂಲ ವಿವರಣೆಗೆ ಹೊರತಾಗಿ ಬದಲಿಸುವುದನ್ನು ನಿರ್ಬಂಧಿಸುತ್ತದೆ, ಮತ್ತು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಆ ನಿರ್ಬಂಧವನ್ನು ಎತ್ತಿಹಿಡಿದಿದೆ. ಕರ್ಕಶ ಸೈಲೆನ್ಸರನ್ನೂ ಅಪಾಯಕಾರಿ ಚೌಕಟ್ಟಿನ ತಿದ್ದುಪಡಿಯನ್ನೂ ತಡೆಯಲು ಇಂತಹ ಕಾನೂನು ಬೇಕೇ ಬೇಕು. ಆದರೆ ತಂತಿಯ ಡ್ರಮ್ಮಿನ ಜಾಗಕ್ಕೆ ಪರೀಕ್ಷಿತ ಡಿಸ್ಕನ್ನು ಕೂರಿಸುವವನನ್ನೂ ಅದೇ ಅನುಮಾನದಿಂದ ನೋಡುವುದು ನ್ಯಾಯವೆನಿಸುವುದಿಲ್ಲ. ಜರ್ಮನಿಯಲ್ಲಿ ಬ್ರೇಕಿನ ಹೋಸಿನಂತಹ ಸಣ್ಣ ಭಾಗವೂ ಪ್ರಮಾಣಪತ್ರ ಪಡೆದಿರಬೇಕು, ಪಡೆದ ಭಾಗವನ್ನು ಹಾಕಿಕೊಳ್ಳಲು ಮಾಲೀಕನಿಗೆ ದಾರಿ ತೆರೆದಿರುತ್ತದೆ. ನಮ್ಮಲ್ಲಿ 2021ರ ಜುಲೈಯಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮವು 50 ವರ್ಷ ದಾಟಿದ ಗಾಡಿಗಳಿಗೆ ಪ್ರತ್ಯೇಕ ನೋಂದಣಿಯನ್ನು ಕೊಟ್ಟು, ಅವು ಮೂಲರೂಪದಲ್ಲಿರಬೇಕು, ಚಾಸಿಸ್, ಹೊರಮೈ ಮತ್ತು ಎಂಜಿನ್ನಿನಲ್ಲಿ ಮಾರ್ಪಾಡು ಇರಬಾರದು ಎಂದು ಹೇಳುತ್ತದೆ. ಮೈಸೂರಿನ ಮೊದಲ ದಶಕದ ಜಾವಾಗಳು ಈಗ ವಯಸ್ಸಿನ ಲೆಕ್ಕದಲ್ಲಿ ಈ ವರ್ಗಕ್ಕೆ ಸೇರುತ್ತವೆ. ನಿಯಮವು ಹೆಸರಿಸಿದ ಆ ಮೂರು ಭಾಗಗಳಲ್ಲಿ ಬ್ರೇಕು ಇಲ್ಲ.